ಫೈಲ್ ಕಳಿಸುವ ಸಾಲು ಒಂದೇ, ತಲೆನೋವು ಉಳಿದದ್ದರಲ್ಲಿ

ದಿನಾ ರಾತ್ರಿ ಒಂದು ಸರ್ವರ್‌ನಿಂದ ಇನ್ನೊಂದಕ್ಕೆ ಸಿಎಸ್‌ವಿ (ಕಾಮಾ ಹಾಕಿ ಬೇರ್ಪಡಿಸಿದ ಡೇಟಾ) ಫೈಲ್‌ಗಳನ್ನು ಕಳಿಸುವುದು ನನ್ನ ಪಾಲಿನ ಕೆಲಸವಾಗಿತ್ತು. ಲಾಗಿನ್ ಆಗು, ಎಸ್‌ಸಿಪಿ (ಬೇರೆ ಸರ್ವರ್‌ಗೆ ಫೈಲ್ ನಕಲು ಮಾಡುವ ಕಮಾಂಡ್) ಕೊಡು, ಪಾಸ್‌ವರ್ಡ್ ಹಾಕು, ಮುಗಿಯೋವರೆಗೆ ಕಾಯ್ತಾ ಕೂರು. ಒಂದು ದಿನ ಮರೆತೆ. ಮರುದಿನ ಇದನ್ನೆಲ್ಲ ತಾನೇ ಮಾಡುವ ಸ್ಕ್ರಿಪ್ಟ್ ಬರೆಯೋಕೆ ಕೂತೆ.

ಪಾಸ್‌ವರ್ಡ್ ಕಾಟ ಬೇಗ ತಪ್ಪಿತು. ಈ ಕೆಲಸಕ್ಕೆಂದೇ ಒಂದು ಎಸ್‌ಎಸ್‌ಎಚ್ ಕೀ (ಪಾಸ್‌ವರ್ಡ್ ಬದಲು ಗುರುತು ತೋರಿಸುವ ಜೋಡಿ ಫೈಲ್) ಮಾಡಿ, ಅದರ ಪಬ್ಲಿಕ್ ಭಾಗವನ್ನು ಆ ಕಡೆಯ ಸರ್ವರ್‌ಗೆ ಹಾಕಿದೆ. ಹತ್ತು ಸಾಲಿನ ಸ್ಕ್ರಿಪ್ಟ್, ಒಳಗೆ ಪ್ರತಿ ಫೈಲಿಗೂ ಒಂದು ಸುತ್ತು ಹಾಕುವ ಫಾರ್ ಲೂಪ್, ಅದರೊಳಗೆ ಎಸ್‌ಸಿಪಿ. ಎರಡು ವಾರ ಚೆನ್ನಾಗೇ ಓಡಿತು.

ಆಮೇಲೆ ಒಂದು ರಾತ್ರಿ ನೆಟ್‌ವರ್ಕ್ ಮಧ್ಯದಲ್ಲೇ ಹೋಯಿತು. ಎಸ್‌ಸಿಪಿ ಮೊದಲಿಂದಲೂ ಫೈಲಿನ ನಿಜವಾದ ಹೆಸರಲ್ಲೇ ಬರೆಯುತ್ತದೆ. ಹಾಗಾಗಿ ಅರ್ಧ ಫೈಲ್ ಪೂರ್ತಿ ಫೈಲಿನ ಹಾಗೆ ಆ ಕಡೆ ಕೂತಿತ್ತು. ಅಲ್ಲಿನ ಪ್ರೋಗ್ರಾಂ ಅದನ್ನೇ ಎತ್ತಿಕೊಂಡು ಡೇಟಾಬೇಸ್‌ಗೆ ತುಂಬಿತು. ಬೆಳಿಗ್ಗೆ ತೆರೆದು ನೋಡಿದರೆ ಕೊನೆಯ ಸಾಲಿನ ತಾರೀಖು ‘2023-1’ ಅಂತ ಅಲ್ಲಿಗೇ ನಿಂತಿತ್ತು.

ಎಸ್‌ಸಿಪಿ ತೆಗೆದು, ಫೈಲ್ ಕಳಿಸುವ ಇನ್ನೊಂದು ಕಮಾಂಡ್ ಆರ್‌ಸಿಂಕ್ ಹಾಕಿದೆ. ಅದು ಮೊದಲು ಚುಕ್ಕಿಯಿಂದ ಶುರುವಾಗುವ ತಾತ್ಕಾಲಿಕ ಹೆಸರಲ್ಲಿ ಬರೆಯುತ್ತದೆ, ಪೂರ್ತಿ ಬಂದ ಮೇಲಷ್ಟೇ ನಿಜವಾದ ಹೆಸರು ಕೊಡುತ್ತದೆ. ಆದರೆ ಇದೇ ತೊಂದರೆ ಈ ಕಡೆಯೂ ಇತ್ತು ಅಲ್ವಾ? ಇನ್ನೂ ಬರೆಯುತ್ತಿರುವ ಫೈಲನ್ನೇ ಸ್ಕ್ರಿಪ್ಟ್ ಕಳಿಸಿಬಿಟ್ಟರೆ? ಅದಕ್ಕೆ ಎರಡು ಫೋಲ್ಡರ್ ಮಾಡಿದೆ. ಒಂದರಲ್ಲಿ ಫೈಲ್ ತಯಾರಾಗುತ್ತದೆ, ಮುಗಿದ ಮೇಲೆ ಎಂವಿ (ಫೈಲಿನ ಜಾಗ ಬದಲಿಸುವ ಕಮಾಂಡ್) ಕೊಟ್ಟು ಇನ್ನೊಂದಕ್ಕೆ ಹಾಕುತ್ತೇನೆ. ಎರಡೂ ಒಂದೇ ಫೈಲ್‌ಸಿಸ್ಟಂನಲ್ಲಿದ್ದರೆ ಎಂವಿ ಬರೀ ಹೆಸರು ಬದಲಿಸುತ್ತದೆ, ಅರ್ಧ ಅನ್ನುವ ಸ್ಥಿತಿಯೇ ಬರುವುದಿಲ್ಲ.

ಜಾಸ್ತಿ ಕಾಡಿದ್ದು ಕ್ರಾನ್, ಅಂದರೆ ಹೇಳಿದ ಹೊತ್ತಿಗೆ ಕಮಾಂಡ್ ಓಡಿಸುವ ಪ್ರೋಗ್ರಾಂ. ಕೈಯಿಂದ ಓಡಿಸಿದರೆ ಎಲ್ಲ ಸರಿ, ಕ್ರಾನ್‌ಗೆ ಹಾಕಿದರೆ ಲಾಗ್ ಫೈಲೇ ಇಲ್ಲ. ಪಾತ್ (ಕಮಾಂಡ್‌ಗಳನ್ನು ಹುಡುಕುವ ಫೋಲ್ಡರ್‌ಗಳ ಪಟ್ಟಿ) ಸರಿಯಿಲ್ಲವೇನೋ ಅಂತ ಸುಮ್ನೆ ಅರ್ಧ ದಿನ ಕಳೆದೆ. ತಪ್ಪಿದ್ದದ್ದು ಕ್ರಾನ್‌ಟ್ಯಾಬ್ (ಕ್ರಾನ್‌ಗೆ ಕೆಲಸ ಬರೆದಿಡುವ ಪಟ್ಟಿ) ಸಾಲಿನಲ್ಲೇ. ಲಾಗ್ ಹೆಸರಿಗೆ ತಾರೀಖು ಸೇರಿಸೋಕೆ ಡೇಟ್ ಕಮಾಂಡ್ ಬರೆದಿದ್ದೆ, ಅದರಲ್ಲಿ ‘%’ ಇತ್ತು. ಕ್ರಾನ್‌ಟ್ಯಾಬ್ ಈ ಗುರುತನ್ನು ಹೊಸ ಸಾಲು ಅಂತ ಓದುತ್ತದೆ. ಕಮಾಂಡ್ ಅಲ್ಲಿಗೇ ತುಂಡಾಗುತ್ತಿತ್ತು! ‘%’ಗೆ ಮೊದಲು ‘\’ ಹಾಕಿದರೂ ಸಾಕು. ನಾನು ಆ ಭಾಗವನ್ನೇ ಸ್ಕ್ರಿಪ್ಟ್ ಒಳಗೆ ಎತ್ತಿಟ್ಟೆ.

ಹಿಂದಿನ ಓಟ ಮುಗಿಯುವ ಮೊದಲೇ ಇನ್ನೊಂದು ಶುರುವಾಗದಿರಲು ಎಫ್‌ಲಾಕ್ ಅನ್ನುವ ಬೀಗದ ಕಮಾಂಡ್ ಹಾಕಿದೆ. ಆರ್‌ಸಿಂಕ್ ಮುಗಿದಾಗ 0 (ಎಲ್ಲ ಸರಿ) ಬಿಟ್ಟು ಬೇರೆ ಯಾವ ಎಕ್ಸಿಟ್ ಕೋಡ್ ಕೊಟ್ಟರೂ ನನಗೆ ಮೇಲ್ ಬರುತ್ತದೆ. ಎಲ್ಲ ಸರಿಯಾದಾಗಲೂ ಮೇಲ್ ಬರೋ ಹಾಗೆ ಮೊದಲು ಮಾಡಿದ್ದೆ. ಒಂದು ವಾರಕ್ಕೇ ಓದೋದು ಬಿಟ್ಟೆ.

ಆದರೆ ಸ್ಕ್ರಿಪ್ಟ್ ಓಡದೇ ಹೋದರೆ ಮೇಲ್ ಕಳಿಸುವವರು ಯಾರು? ಅದಕ್ಕೆ ಆ ಕಡೆಯ ಸರ್ವರ್‌ನಲ್ಲಿ ಇನ್ನೊಂದು ಪುಟ್ಟ ಸ್ಕ್ರಿಪ್ಟ್ ಇಟ್ಟಿದ್ದೇನೆ. ಬೆಳಿಗ್ಗೆ 6ಕ್ಕೆ ಹೊಸ ಫೈಲ್ ಇಲ್ಲದಿದ್ದರೆ ಅದು ಕೂಗುತ್ತದೆ. ಇದುವರೆಗೆ ಒಂದೇ ಸಲ ಕೂಗಿದೆ. ರೀಬೂಟ್ ಆದ ಸರ್ವರ್‌ನಲ್ಲಿ ಕ್ರಾನ್ ಶುರುವಾಗಿರಲೇ ಇಲ್ಲ.