ಎಣಿಕೆ ಯಾರದು?

ಚಾಪೆಯನ್ನು ಎಲ್ಲಿ ಹಾಸುತ್ತಾರೆ ಎಂಬುದನ್ನು ನೋಡಿದರೆ, ಆ ವ್ಯಕ್ತಿ ಎಷ್ಟು ದಿನ ಬರಬಹುದೆಂದು ನನಗೆ ಹೆಚ್ಚುಕಡಿಮೆ ಗೊತ್ತಾಗಿಬಿಡುತ್ತದೆ. ಮೈಸೂರಿನ ಕುವೆಂಪುನಗರದಲ್ಲಿ ಒಂದು ಸಮುದಾಯ ಭವನದ ಮಹಡಿಯ ಮೇಲೆ 11 ವರ್ಷಗಳಿಂದ ಬೆಳಿಗ್ಗೆ 5.45ಕ್ಕೆ ಯೋಗ ಹೇಳಿಕೊಡುತ್ತಿದ್ದೇನೆ. ಒತ್ತಿ ಹಾಸಿದರೆ 30 ಚಾಪೆ ಹಿಡಿಯುವ ಜಾಗ. ಮೊದಲ ದಿನವೇ ನನ್ನ ಮೂಗಿನ ಮುಂದೆ ಹೊಸ ಚಾಪೆ ಬಿಡಿಸಿ, ‘ಮೇಡಂ, ಶೀರ್ಷಾಸನ ಯಾವಾಗ ಹೇಳಿಕೊಡುತ್ತೀರಿ?’ ಎಂದು ಕೇಳಿದವರು ಮೂರನೆಯ ವಾರಕ್ಕೆ ನಾಪತ್ತೆ. ಬಾಗಿಲ ಪಕ್ಕ, ತಮ್ಮ ಚಪ್ಪಲಿ ಕಣ್ಣಿಗೆ ಬೀಳುವ ಹಾಗೆ, ಮನೆಯಿಂದ ತಂದ ಹಳೆಯ ಜಮಖಾನ ಹಾಸಿಕೊಂಡು ಕೂತವರು ಉಳಿದುಬಿಡುತ್ತಾರೆ.

ಇದು ಅರ್ಥವಾಗಲು ನನಗೆ ಒಂದು ವರ್ಷ ಹಿಡಿಯಿತು. ಅಲ್ಲಿಯವರೆಗೆ ಮುಂದಿನ ಸಾಲಿಗೇ ಪಾಠ ಹೇಳುತ್ತಿದ್ದೆ.

ನಮ್ಮೂರಿನ ಹೆಸರು ಯೋಗದ ಲೋಕದಲ್ಲಿ ಒಂದು ಪದ್ಧತಿಯ ಹೆಸರೇ ಆಗಿದೆ. 1930ರ ದಶಕದಲ್ಲಿ ನಾಲ್ವಡಿಯವರ ಆಶ್ರಯದಲ್ಲಿ ತಿರುಮಲೈ ಕೃಷ್ಣಮಾಚಾರ್ಯರು ಜಗನ್ಮೋಹನ ಅರಮನೆಯಲ್ಲಿ ಪಾಠ ಮಾಡಿದರು. ಅವರ ಶಿಷ್ಯ ಪಟ್ಟಾಭಿ ಜೋಯಿಸರು ಲಕ್ಷ್ಮೀಪುರದಲ್ಲಿ, ಆಮೇಲೆ ಗೋಕುಲಂನಲ್ಲಿ ಕಲಿಸಿದರು. ಹೊರದೇಶದವರು ‘ಮೈಸೂರು ಸ್ಟೈಲ್’ ಎಂದರೆ ಅರ್ಥ ಇಷ್ಟು: ಎಲ್ಲರೂ ಒಂದೇ ಕೋಣೆಯಲ್ಲಿ ಇರುತ್ತಾರೆ, ಆದರೆ ಪ್ರತಿಯೊಬ್ಬರೂ ತಮ್ಮ ತಮ್ಮ ಉಸಿರಿನ ಲೆಕ್ಕದಲ್ಲಿ ಮಾಡಿಕೊಳ್ಳುತ್ತಾರೆ, ಗುರು ನಡುವೆ ಓಡಾಡುತ್ತ ತಿದ್ದುತ್ತಾರೆ. ನನ್ನ ಮೈಸೂರಿನ ತರಗತಿ ಮಾತ್ರ ಹಾಗಲ್ಲ. ಅದು ಎಣಿಕೆಯ ತರಗತಿ: ಸೂರ್ಯನಮಸ್ಕಾರದ ಹನ್ನೆರಡು ಹಂತಗಳನ್ನು ನಾನು ಎಣಿಸಿದಂತೆ ಎಲ್ಲರೂ ಒಟ್ಟಿಗೆ ಮಾಡಬೇಕು. ನಾನು ‘ಒಂದು’ ಎಂದರೆ 30 ಜೋಡಿ ಕೈ ಒಟ್ಟಿಗೆ ಮುಗಿಯಬೇಕು. ಆದರೆ ಯಾರ ಉಸಿರಿಗೆ ಎಣಿಸುವುದು?

ನನಗೆ ಬುದ್ಧಿ ಕಲಿಸಿದವರು ನಿವೃತ್ತ ಶಿಕ್ಷಕಿಯೊಬ್ಬರು. ಒಂದು ದಿನ ತರಗತಿ ಮುಗಿದ ಮೇಲೆ ಸೆರಗಿನಿಂದ ಬೆವರು ಒರೆಸಿಕೊಳ್ಳುತ್ತ, ‘ನೀವು ಹತ್ತು ಎಂದು ಪಾದಹಸ್ತಾಸನಕ್ಕೆ ಹೋಗುವಾಗ ನಾನಿನ್ನೂ ಏಳರ ಭುಜಂಗಾಸನದಲ್ಲೇ ಮಲಗಿರುತ್ತೇನಮ್ಮ. ಆಮೇಲೆ ನೇರವಾಗಿ ಹನ್ನೆರಡಕ್ಕೆ ಎದ್ದು ಕೈ ಮುಗಿಯುತ್ತೇನೆ. ಇದನ್ನು ಅರ್ಧ ನಮಸ್ಕಾರ ಎಂದು ಸೂರ್ಯ ಒಪ್ಪಿಕೊಳ್ಳುತ್ತಾನೋ ಏನೋ’ ಎಂದರು. ಮಾರನೆಯ ದಿನದಿಂದ ಕೊನೆಯ ಸಾಲಿನಲ್ಲಿ ಒಬ್ಬರನ್ನು ಆರಿಸಿಕೊಂಡು, ಅವರ ಬೆನ್ನು ಏರಿ ಇಳಿಯುವುದನ್ನು ನೋಡಿ ಎಣಿಸತೊಡಗಿದೆ. ಮುಂದಿನ ಸಾಲಿನವರು ಗೊಣಗಿದರು. ನಿಧಾನಕ್ಕೆ ಮಾಡುವುದೇ ಕಷ್ಟವೆಂದು ಅವರ ತೊಡೆಗಳು ನಡುಗತೊಡಗಿದಾಗ ಗೊಣಗಾಟವೂ ನಿಂತಿತು.

ಪಕ್ಕದವರನ್ನು ನೋಡಿ ಮಾಡುವವರದು ದೊಡ್ಡ ಪಂಗಡ. ಅವರನ್ನು ನಾನು ಬೈಯುವುದಿಲ್ಲ, ಬಳಸಿಕೊಳ್ಳುತ್ತೇನೆ. ಒಬ್ಬರು ಬಲಗಾಲಿನ ಬದಲು ಎಡಗಾಲು ಹಿಂದಕ್ಕೆ ಹಾಕಿದರೆ ಇಡೀ ಸಾಲು ಎಡಗಾಲಿಗೆ ತಿರುಗುತ್ತದೆ. ಆದ್ದರಿಂದ ಪ್ರತಿ ಸಾಲಿನ ತುದಿಗೆ ಗೊಂದಲವಿಲ್ಲದ ಒಬ್ಬರನ್ನು ನಿಲ್ಲಿಸುತ್ತೇನೆ. ಇನ್ನೊಂದು ಸಂಗತಿ ನಾನೇ ಆಸನದಲ್ಲಿದ್ದಾಗ ಹೊಳೆದದ್ದು: ಪರ್ವತಾಸನದಲ್ಲಿ ತಲೆ ಕೆಳಗಾದಾಗ ಕಾಣುವುದು ಟೀಚರ್ ಅಲ್ಲ, ಸ್ವಂತ ಕಾಲುಗಳ ನಡುವೆ ತಲೆಕೆಳಗಾದ ಹಿಂದಿನ ಸಾಲು. ಆ ಹೊತ್ತಿನಲ್ಲಿ ತರಗತಿಯ ಗುರುಗಳು ಅವರೇ. ಒಳ್ಳೆಯವರನ್ನೆಲ್ಲ ಮುಂದೆ ನಿಲ್ಲಿಸಿದರೆ ಏನು ಪ್ರಯೋಜನ?

ಸೇರುವ ದಿನ ನೋಟ್‌ಬುಕ್ಕಿನಲ್ಲಿ ಮೂರು ಪ್ರಶ್ನೆ ಬರೆಸಿಕೊಳ್ಳುತ್ತೇನೆ: ಬಿಪಿ ಇದೆಯೇ, ಮಂಡಿನೋವು ಇದೆಯೇ, ಆಪರೇಷನ್ ಆಗಿದೆಯೇ. ಗಂಡಸರು ಮೂರಕ್ಕೂ ‘ಇಲ್ಲ’ ಎಂದು ಬರೆದು ಸಹಿ ಹಾಕುತ್ತಾರೆ. ಹಿಂದೆ ನಿಂತ ಹೆಂಡತಿ, ‘ಇವರು ಬೆಳಿಗ್ಗೆ ಬಿಪಿ ಮಾತ್ರೆ ತೆಗೆದುಕೊಳ್ಳುತ್ತಾರೆ ಮೇಡಂ’ ಎನ್ನುತ್ತಾರೆ. ಬಿಪಿ ಹೆಚ್ಚಿರುವವರಿಗೆ ಕುಂಭಕ, ಅಂದರೆ ಉಸಿರು ಬಿಗಿಹಿಡಿಯುವುದು, ಬೇಡ, ತಲೆ ಕೆಳಗಿಟ್ಟು ಹೊತ್ತು ನಿಲ್ಲುವುದೂ ಬೇಡ. ಅವರಿಗೆ ಗೋಡೆ ಪಕ್ಕದ ಜಾಗ, ಕೈಯೂರಲು ಕುರ್ಚಿ. ಮಂಡಿಯವರಿಗೆ ನಾಲ್ಕು ಮಡಿಕೆಯ ಕಂಬಳಿ.

ನನ್ನ ನಿಜವಾದ ತಲೆನೋವು ಚಾಪೆಯ ಮೇಲಿನ ವೈದ್ಯರು. ‘ಸರ್ವಾಂಗಾಸನ ಮಾಡಿ, ಥೈರಾಯ್ಡ್ ಮಾತ್ರೆ ಬಿಟ್ಟುಬಿಡಿ’ ಎಂದು ಒಬ್ಬರು ಪಕ್ಕದವರಿಗೆ ಪಿಸುಗುಟ್ಟಿದ್ದನ್ನು ಕೇಳಿ, ತರಗತಿ ನಿಲ್ಲಿಸಿ ಮಾತನಾಡಿದ್ದೇನೆ. ಮಾತ್ರೆ ಬರೆದುಕೊಟ್ಟವರನ್ನು ಕೇಳದೆ ಬಿಡಬೇಡಿ ಎಂದೆ. ಅವರು ಮುನಿಸಿಕೊಂಡು ಎರಡು ದಿನ ಬರಲಿಲ್ಲ. ಬಂದಾಗ ನಾನೇ ಮೊದಲು ನಮಸ್ಕಾರ ಹೇಳಿದೆ.

ಶವಾಸನಕ್ಕೆಂದೇ ಬರುವವರಿದ್ದಾರೆ, ಗೊರಕೆ ಹೊಡೆಯಲಿ ಬಿಡಿ. ಜೂನ್ 21 ಹತ್ತಿರವಾದಾಗ ಫೋಟೋಕ್ಕೆ ಬರುವವರೂ ಇದ್ದಾರೆ. 2015ರಲ್ಲಿ ಯೋಗ ದಿನ ಶುರುವಾದಂದಿನಿಂದ ಅವರು ಮಳೆಗಾಲದಷ್ಟೇ ಖಚಿತ.

ವರ್ಷಕ್ಕೊಮ್ಮೆ ಎಲ್ಲ ಪಂಗಡಗಳೂ ಒಟ್ಟಿಗೆ ಕಾಣಬೇಕೆಂದರೆ ರಥಸಪ್ತಮಿಯ ದಿನ ಬರಬೇಕು. ಅಂದು 108 ನಮಸ್ಕಾರ, ಹನ್ನೆರಡರಂತೆ 9 ಸುತ್ತು. ಪ್ರತಿ ಸುತ್ತಿನ ಬಳಿಕ ಒಂದು ನಿಮಿಷ ಬಿಡುವು. ಎಕ್ಕದ ಎಲೆ ತಲೆಯ ಮೇಲಿಟ್ಟು ಸ್ನಾನ ಮಾಡಿ ಬಂದವರ ಕೂದಲು ಇನ್ನೂ ಒದ್ದೆ. ‘ನಿಮ್ಮ ಶಕ್ತಿ ಎಷ್ಟೋ ಅಷ್ಟು ಮಾಡಿ, ಕೂತು ಉಸಿರಾಡುವುದೂ ಲೆಕ್ಕಕ್ಕೆ ಬರುತ್ತದೆ’ ಎಂದು ಮೊದಲೇ ಹೇಳಿರುತ್ತೇನೆ. 40 ದಾಟುತ್ತಿದ್ದಂತೆ ಮಾತು ನಿಲ್ಲುತ್ತದೆ. 70ಕ್ಕೆ ಮುಂದಿನ ಸಾಲಿನ ಸ್ಮಾರ್ಟ್‌ವಾಚಿನ ಹುಡುಗ ಬೆನ್ನು ಹಿಡಿದುಕೊಂಡು ಕೂರುತ್ತಾನೆ. ಜಮಖಾನದ ಶಿಕ್ಷಕಿ ತಮ್ಮ ಪಾಡಿಗೆ ಏಳುತ್ತ ಬಾಗುತ್ತ ಇರುತ್ತಾರೆ.

ಈ ಸಲ ಲೆಕ್ಕ ಇಡಲು ಇಬ್ಬರಿದ್ದರು. ಬ್ಯಾಂಕಿನಿಂದ ನಿವೃತ್ತರಾದ ಒಬ್ಬರು ಪ್ರತಿ ನಮಸ್ಕಾರಕ್ಕೂ ಕಾಗದದ ಮೇಲೆ ಗೀಟು ಎಳೆಯುತ್ತಿದ್ದರು. ಬಗ್ಗಲಾಗದ ಕಾರಣ ಕುರ್ಚಿಯಲ್ಲಿ ಕೂತಿದ್ದ ಅಜ್ಜಿಯೊಬ್ಬರಿಗೆ ನಾನು ಸ್ಟೀಲ್ ತಟ್ಟೆಯಲ್ಲಿ 108 ಹುಣಸೆ ಬೀಜ ಕೊಟ್ಟಿದ್ದೆ. ಅವರು ಒಂದೊಂದನ್ನೇ ಲೋಟಕ್ಕೆ ಟಣ್ಣನೆ ಹಾಕುತ್ತಿದ್ದರು. ಕೊನೆಗೆ ಬ್ಯಾಂಕಿನವರು, ‘ಮುಗಿಯಿತು, ನೂರೆಂಟು!’ ಎಂದು ಪೆನ್ನು ಮುಚ್ಚಿದರು. ಅಜ್ಜಿಯ ತಟ್ಟೆಯಲ್ಲಿ ಒಂದು ಬೀಜ ಉಳಿದಿತ್ತು.

‘ಸಾರ್, ನೀವು ಗೀಟು ಎಳೆಯುವಾಗ ಎರಡು ಸಲ ಕನ್ನಡಕ ಒರೆಸಿಕೊಂಡಿರಿ. ನಾನು ನೋಡಿದೆ’ ಎಂದರು ಅಜ್ಜಿ.

ಅವರು ಕಾಗದ ತೋರಿಸಿದರು. ಅಜ್ಜಿ ತಟ್ಟೆ ತೋರಿಸಿದರು. ಎಲ್ಲರೂ ನನ್ನ ಮುಖ ನೋಡಿದರು. ‘ಇನ್ನೊಂದು ಮಾಡಿಬಿಡೋಣ’ ಎಂದೆ. ನರಳುತ್ತ, ನಗುತ್ತ ಎದ್ದರು. ಬೆನ್ನು ಹಿಡಿದು ಕೂತಿದ್ದ ಹುಡುಗನೂ ಎದ್ದ. ಕೊನೆಯ ಬೀಜ ಲೋಟಕ್ಕೆ ಬಿದ್ದಾಗ ಅಜ್ಜಿ ಬ್ಯಾಂಕಿನವರ ಕಡೆ ನೋಡಲೂ ಇಲ್ಲ.

ಮನೆಗೆ ಬಂದು ಬೀಜಗಳನ್ನು ಡಬ್ಬಿಗೆ ಹಾಕುವ ಮುನ್ನ ಎಣಿಸಿದೆ. 109 ಇದ್ದವು. ಇಬ್ಬರಿಗೂ ಇನ್ನೂ ಹೇಳಿಲ್ಲ.