ಕ್ರಿಪ್ಟೊ ಹೂಡಿಕೆ ಅಸಲಿಯೋ ಮೋಸವೋ: ನಾನು ಪರೀಕ್ಷಿಸುವ ಕ್ರಮ

ನಮ್ಮ ಕಡೆ ಕ್ರಿಪ್ಟೊ ಬಗ್ಗೆ ಕೇಳಿಕೊಂಡು ಬರುವವರ ಹತ್ತಿರ ಇರುವುದು ಸಾಮಾನ್ಯವಾಗಿ ಶಿರಸಿಯಲ್ಲಿ ಚಾಲಿ ಅಡಿಕೆ ಮಾರಿದ ದುಡ್ಡು, ಕಾರವಾರದವರ ನಿವೃತ್ತಿಯ ಇಡಿಗಂಟು, ಇಲ್ಲವೇ ಹೊನ್ನಾವರ–ಭಟ್ಕಳದ ಮನೆಗಳಿಗೆ ಗಲ್ಫಿನಿಂದ ಬಂದ ಉಳಿತಾಯ. ಮೊದಲು ತೋರಿಸುವುದು ಆ್ಯಪಿನ ಪರದೆಯನ್ನು, ಅದರಲ್ಲಿ ಏರುತ್ತಿರುವ ಲಾಭದ ಅಂಕಿಯನ್ನು. ನಾನು ಅದರ ಮೇಲೆ ಹೊತ್ತು ಕಳೆಯುವುದಿಲ್ಲ. ಆ ಅಂಕಿಯನ್ನು ಆ್ಯಪ್ ನಡೆಸುವವನು ತನಗೆ ಬೇಕಾದ ಹಾಗೆ ಬರೆಯಬಲ್ಲ. ನನ್ನ ಮೊದಲ ಪ್ರಶ್ನೆ: ದುಡ್ಡು ಹೋಗಿದ್ದು ಯಾರ ಖಾತೆಗೆ?

ಯುಪಿಐ ಹಿಸ್ಟರಿ ಅಥವಾ ಬ್ಯಾಂಕ್ ಸ್ಟೇಟ್‌ಮೆಂಟ್ ತೆಗೆದು ಹೆಸರು ಓದಿಸುತ್ತೇನೆ. ಆ್ಯಪಿನಲ್ಲಿ ‘ಗ್ಲೋಬಲ್ ಎಕ್ಸ್‌ಚೇಂಜ್’ ಎಂದಿರುತ್ತದೆ, ಹಣ ಮಾತ್ರ ಯಾವುದೋ ಟ್ರೇಡರ್ಸ್‌ಗೋ ಒಬ್ಬ ವ್ಯಕ್ತಿಯ ಉಳಿತಾಯ ಖಾತೆಗೋ ಹೋಗಿರುತ್ತದೆ. ಎರಡನೇ ಸಲಕ್ಕೆ ಬೇರೆ ಖಾತೆ, ಮೂರನೇ ಸಲಕ್ಕೆ ಇನ್ನೊಂದು. ದೂರು ಬಿದ್ದ ಖಾತೆಯನ್ನು ಬ್ಯಾಂಕ್ ತಡೆಹಿಡಿಯುತ್ತದೆ, ಅದಕ್ಕೇ ಮೋಸಗಾರರು ದಿನಾ ಹೊಸ ಬಾಡಿಗೆ ಖಾತೆ ಹುಡುಕುತ್ತಾರೆ. ಇದೊಂದು ಗುರುತು ಸಿಕ್ಕರೆ ಸಾಕು, ನಾನು ಮುಂದೆ ಒಂದು ರೂಪಾಯಿಯನ್ನೂ ಕಟ್ಟಬೇಡಿ ಎನ್ನುತ್ತೇನೆ.

‘ಆದರೆ ಸಾವಿರ ರೂಪಾಯಿ ತೆಗೆದು ನೋಡಿದೆ, ಬಂತಲ್ಲ’ ಎಂಬ ಉತ್ತರ ಬರುತ್ತದೆ. ಬರಲೇಬೇಕು. ಮುಂದೆ ಐದು ಲಕ್ಷ ಹಾಕಿಸುವುದಕ್ಕೆ ಅವರು ಮಾಡುವ ಖರ್ಚು ಅದು. ಹಾಕಿದ ಅಸಲನ್ನು ಪೂರ್ತಿ ತೆಗೆಯಲು ಹೊರಟಾಗ ನಿಜ ಹೊರಬೀಳುತ್ತದೆ. ಆಗ ‘ಖಾತೆ ಪರಿಶೀಲನೆಯಲ್ಲಿದೆ’, ‘ಭದ್ರತಾ ಠೇವಣಿ ಇಡಿ’, ಎಲ್ಲಕ್ಕಿಂತ ಹೆಚ್ಚಾಗಿ ‘ಸರ್ಕಾರದ 30% ತೆರಿಗೆ ಮೊದಲು ಕಟ್ಟಿ, ಆಮೇಲೆ ಹಣ ಬಿಡುತ್ತೇವೆ’ ಎಂಬ ಸಂದೇಶ ಬರುತ್ತದೆ.

ಈ ತೆರಿಗೆಯ ಮಾತು ಜನರನ್ನು ನಂಬಿಸುವುದು ಅದರಲ್ಲಿ ಅರ್ಧ ಸತ್ಯ ಇರುವುದರಿಂದ. 2022ರ ಏಪ್ರಿಲ್ 1ರಿಂದ ಕ್ರಿಪ್ಟೊ ಲಾಭಕ್ಕೆ ಭಾರತದಲ್ಲಿ 30% ತೆರಿಗೆ ಇದೆ; ಅದೇ ವರ್ಷದ ಜುಲೈ 1ರಿಂದ ಮಾರಾಟದ ಮೊತ್ತದ ಮೇಲೆ 1% ಟಿಡಿಎಸ್ ಇದೆ. ಆದರೆ ಟಿಡಿಎಸ್ ಅನ್ನು ಬರುವ ಹಣದಲ್ಲೇ ಮುರಿದುಕೊಳ್ಳುತ್ತಾರೆ, ಅದು ನಿಮ್ಮ ಪ್ಯಾನ್‌ನ ತೆರಿಗೆ ವಿವರಪಟ್ಟಿಯಲ್ಲಿ ಕಾಣುತ್ತದೆ. ಉಳಿದ ತೆರಿಗೆಯನ್ನು ನೀವೇ ಆದಾಯ ತೆರಿಗೆ ಪೋರ್ಟಲ್‌ನಲ್ಲಿ ಕಟ್ಟುತ್ತೀರಿ. ಅಡಿಕೆ ಮಾರಿದಾಗಲೂ ಖರ್ಚು ಕಳೆದು ಉಳಿದದ್ದನ್ನು ಕೊಡುತ್ತಾರೆಯೇ ಹೊರತು, ಮೊದಲು ಕಮಿಷನ್ ತಂದು ಕೊಡು ಎನ್ನುವುದಿಲ್ಲ. ಆ ‘ತೆರಿಗೆ’ ಕಟ್ಟಿದ ಮೇಲೂ ಹಣ ಬರುವುದಿಲ್ಲ. ಇನ್ನೊಂದು ಶುಲ್ಕ ಹುಟ್ಟುತ್ತದೆ.

ಲಾಭದ ಭರವಸೆಗೆ ಕ್ಯಾಲ್ಕ್ಯುಲೇಟರ್ ಸಾಕು. ದಿನಕ್ಕೆ ಬರೀ 1% ಎಂದರೂ ಚಕ್ರಬಡ್ಡಿಯಲ್ಲಿ ಒಂದು ಲಕ್ಷ 365 ದಿನಕ್ಕೆ 37 ಲಕ್ಷ ದಾಟುತ್ತದೆ. ಇಷ್ಟು ಖಾತ್ರಿಯಾಗಿ ದುಡಿಯಬಲ್ಲವನಿಗೆ ವಾಟ್ಸಾಪ್ ಗುಂಪಿನಲ್ಲಿ ನಮ್ಮ ದುಡ್ಡು ಕೇಳುವ ಅಗತ್ಯವೇ ಇಲ್ಲ. ದಿನಕ್ಕೆ 1% ತನಕ ಲಾಭದ ಆಸೆ ತೋರಿಸಿದ್ದ ಬಿಟ್‌ಕನೆಕ್ಟ್ ಎಂಬ ಕ್ರಿಪ್ಟೊ ಯೋಜನೆ 2018ರ ಜನವರಿಯಲ್ಲಿ ಮುಳುಗಿದ ಕತೆ ಎಲ್ಲರೆದುರಿಗಿದೆ.

ಹೊಸದಾಗಿ ಶುರು ಮಾಡುವವರಿಗೆ ಹೇಳುವುದು ಬೇರೆ. 2023ರ ಮಾರ್ಚ್‌ನಿಂದ ಕ್ರಿಪ್ಟೊ ವ್ಯವಹಾರ ನಡೆಸುವ ಕಂಪನಿಗಳು ಅಕ್ರಮ ಹಣ ವರ್ಗಾವಣೆ ತಡೆ ಕಾಯ್ದೆಯ ವ್ಯಾಪ್ತಿಗೆ ಬಂದಿವೆ. ಅನುಮಾನದ ಹಣಕಾಸು ವ್ಯವಹಾರಗಳ ಮೇಲೆ ಕಣ್ಣಿಡುವ ಕೇಂದ್ರ ಸರ್ಕಾರದ ಸಂಸ್ಥೆ ಎಫ್‌ಐಯು–ಇಂಡಿಯಾದಲ್ಲಿ ಅವುಗಳಿಗೆ ನೋಂದಣಿ ಬೇಕು. ನೋಂದಣಿ ಇದ್ದ ಮಾತ್ರಕ್ಕೆ ಹಾಕಿದ ಹಣ ಬೆಳೆಯುತ್ತದೆ ಎಂದಲ್ಲ, ಇಲ್ಲದಿದ್ದರೆ ಮಾತ್ರ ಹತ್ತಿರವೂ ಹೋಗಬಾರದು. ನೋಂದಾಯಿತ ಕಂಪನಿಯ ಹೆಸರಲ್ಲೇ ಒಂದಕ್ಷರ ಬದಲಿಸಿ ನಕಲಿ ತಾಣ ಮಾಡುವುದೂ ಇದೆ, ಹಾಗಾಗಿ ವಿಳಾಸವನ್ನು ಅಕ್ಷರ ಅಕ್ಷರ ಓದಿ. ತಾಣದ ವಿಳಾಸ ಯಾವಾಗ ನೋಂದಣಿಯಾಯಿತು ಎಂದು ತೋರಿಸುವ ಹೂಈಸ್ (WHOIS) ಸೇವೆಯಲ್ಲಿ ದಿನಾಂಕ ನೋಡಿ: ‘ಎಂಟು ವರ್ಷದ ಸಂಸ್ಥೆ’ಯ ತಾಣ ಎರಡು ತಿಂಗಳ ಹಿಂದೆ ಹುಟ್ಟಿದ್ದರೆ ಅಲ್ಲಿಗೆ ಮುಗಿಯಿತು. ಲಿಂಕ್‌ನಿಂದ ಎಪಿಕೆ (ಪ್ಲೇಸ್ಟೋರ್ ಇಲ್ಲದೆ ನೇರ ಹಾಕಿಕೊಳ್ಳುವ ಆ್ಯಪ್ ಕಡತ) ಹಾಕಿಸಿಕೊಳ್ಳಬೇಡಿ. ಪ್ಲೇಸ್ಟೋರ್‌ನಲ್ಲಿ ಇದೆ ಎಂಬುದೂ ಪೂರ್ತಿ ಭರವಸೆಯಲ್ಲ. ಮೆಟಾಟ್ರೇಡರ್‌ನಂಥ ಅಸಲಿ ಟ್ರೇಡಿಂಗ್ ಆ್ಯಪನ್ನೇ ಹಾಕಿಸಿ, ಅದರೊಳಗೆ ತಮ್ಮ ನಕಲಿ ಬ್ರೋಕರ್ ಸರ್ವರ್‌ಗೆ ಜೋಡಿಸುವ ವಿದ್ಯೆ ಅವರಿಗೆ ಗೊತ್ತು.

ಯುಎಸ್‌ಡಿಟಿ (ಡಾಲರ್ ಬೆಲೆಗೆ ಜೋಡಿಸಿದ ಕ್ರಿಪ್ಟೊ ನಾಣ್ಯ) ಕಳಿಸಿಯಾಗಿದ್ದರೆ ಅದು ಹೋದ ವ್ಯಾಲೆಟ್ ವಿಳಾಸ ನೋಡುತ್ತೇನೆ. ಇಂಗ್ಲಿಷಿನ ‘ಟಿ’ಯಿಂದ ಶುರುವಾಗುವ 34 ಅಕ್ಷರದ್ದಾದರೆ ಟ್ರಾನ್ ಎಂಬ ಕ್ರಿಪ್ಟೊ ಜಾಲದ್ದು, ಅದರ ವಹಿವಾಟುಗಳನ್ನು ಟ್ರಾನ್‌ಸ್ಕ್ಯಾನ್ ತಾಣದಲ್ಲಿ ಯಾರು ಬೇಕಾದರೂ ನೋಡಬಹುದು. ಬಂದ ಹಣ ಕೆಲವೇ ನಿಮಿಷದಲ್ಲಿ ಬೇರೆಡೆ ಹೋಗಿದ್ದರೆ ಅನುಮಾನ ಬರುತ್ತದೆ, ಆದರೆ ಅಸಲಿ ಎಕ್ಸ್‌ಚೇಂಜ್‌ಗಳ ಠೇವಣಿ ವಿಳಾಸಗಳೂ ಹೀಗೇ ನಡೆಯುತ್ತವೆ. ಇದೊಂದನ್ನೇ ಸಾಕ್ಷಿ ಎನ್ನಲಾಗದು. ವ್ಯಾಲೆಟ್‌ನ ಬೀಗದ ಕೈಯಂತಿರುವ 12 ಅಥವಾ 24 ಗುಪ್ತ ಪದಗಳನ್ನು ಯಾರು ಕೇಳಿದರೂ ಕೊಡಬಾರದು. ಅದಕ್ಕೆ ವಿನಾಯಿತಿಯೇ ಇಲ್ಲ.

ಹಣ ಹೋಗಿಯಾದ ಮೇಲೆ ಗಂಟೆಗಳೇ ಮುಖ್ಯ. ಹಣ ಬ್ಯಾಂಕ್ ಖಾತೆಗಳಲ್ಲಿ ಇರುವ ತನಕ ತಡೆಯಲು ದಾರಿ ಉಂಟು, ಯುಎಸ್‌ಡಿಟಿ ಆಗಿ ದಾಟಿದರೆ ಬಹಳ ಕಷ್ಟ. ಆದ್ದರಿಂದ ಮನೆಯವರಿಗೆ ಹೇಗೆ ಹೇಳುವುದು ಎಂದು ಯೋಚಿಸುತ್ತ ಕೂರದೆ ಮೊದಲು ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ಯುಪಿಐ ಆದರೆ 12 ಅಂಕಿಯ ಯುಟಿಆರ್ (ವಹಿವಾಟಿನ ಗುರುತು ಸಂಖ್ಯೆ), ಮೊತ್ತ, ಸಮಯ, ಹಣ ಪಡೆದ ಖಾತೆಯ ವಿವರ ಕೈಯಲ್ಲಿರಲಿ. ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲ್‌ನಲ್ಲೂ ದೂರು ದಾಖಲಿಸಿ, ಬ್ಯಾಂಕಿಗೆ ಲಿಖಿತವಾಗಿ ಕೊಡಿ. ನಮ್ಮ ಉತ್ತರ ಕನ್ನಡ ಜಿಲ್ಲೆಯ ಸಿಇಎನ್ (ಸೈಬರ್, ಆರ್ಥಿಕ, ಮಾದಕವಸ್ತು ಅಪರಾಧ) ಠಾಣೆ ಕಾರವಾರದಲ್ಲಿದೆ. ಅಲ್ಲಿಗೆ ಹೋಗಲು ತಡವಾಗುವುದಾದರೆ ಹತ್ತಿರದ ಠಾಣೆಯಲ್ಲೇ ದೂರು ಕೊಡಿ. ಸಿಟ್ಟಿನಲ್ಲಿ ಗುಂಪಿನಿಂದ ಹೊರಬರಬೇಡಿ, ಚಾಟ್ ಅಳಿಸಬೇಡಿ. ವಾಟ್ಸಾಪ್‌ನಲ್ಲಿ ಎಕ್ಸ್‌ಪೋರ್ಟ್ ಚಾಟ್ ಒತ್ತಿ ಕಡತ ಉಳಿಸಿ. ಕ್ರಿಪ್ಟೊ ಕಳಿಸಿದ್ದರೆ ವಹಿವಾಟು ಹ್ಯಾಶ್ (ಆ ವಹಿವಾಟಿನ ಉದ್ದನೆಯ ಗುರುತು) ಅನ್ನು ಕೈಯಿಂದ ಬರೆಯದೆ ಕಾಪಿ ಮಾಡಿಡಿ. ಕೆಲವು ದಿನಗಳಲ್ಲಿ ‘ಕಳೆದ ಹಣ ತೆಗೆದುಕೊಡುತ್ತೇವೆ’ ಎಂದು ಒಬ್ಬ ವಕೀಲನೋ ಹ್ಯಾಕರನೋ ಫೋನ್ ಮಾಡುತ್ತಾನೆ. ನಿಮ್ಮ ನಂಬರ್ ಅವನಿಗೆ ಸಿಕ್ಕಿರುವುದು ಹೆಚ್ಚಾಗಿ ಅದೇ ಮೋಸಗಾರರ ಪಟ್ಟಿಯಿಂದ. ಅವನು ಮುಂಗಡ ಕೇಳಿದರೆ ಕೊಡದೆ, ಆ ನಂಬರನ್ನೂ ನಿಮ್ಮ ದೂರಿಗೆ ಸೇರಿಸಿ.