48 ಗಂಟೆಯ ಲೆಕ್ಕ, ಅಪ್ಪನ ಚೆಕ್‌ರೋಲ್

ಕಳೆದ ಭಾನುವಾರ ಪಕ್ಕದ ಮನೆ ಹುಡುಗಿ ಆಫರ್ ಲೆಟರ್ ಹಿಡಿದುಕೊಂಡು ಬಂದಿದ್ದಳು. ಮೆಲ್ಬರ್ನ್‌ಗೆ ಓದಲು ಹೊರಟಿದ್ದಾಳೆ. "ಅಣ್ಣಾ, ವಾರಕ್ಕೆ 24 ಗಂಟೆ ಕೆಲಸ ಮಾಡಬಹುದಂತೆ, ಅಲ್ವಾ?" ಅಂದಳು. 2024ರ ಶುರುವಿನಲ್ಲಿ ಚಿಕ್ಕಮಗಳೂರಿನಿಂದ ಹೊರಟಾಗ ನಾನೂ ಹಾಗೇ ಅಂದುಕೊಂಡಿದ್ದೆ. ನಿಯಮ ಇರುವುದು ಹಾಗಲ್ಲ.

ಆಸ್ಟ್ರೇಲಿಯಾದ ಸ್ಟೂಡೆಂಟ್ ವೀಸಾದಲ್ಲಿ 8105 ಅಂತ ಒಂದು ಷರತ್ತಿದೆ. ತರಗತಿ ನಡೆಯುವಾಗ ಹದಿನಾಲ್ಕು ದಿನಕ್ಕೆ 48 ಗಂಟೆ ಮಾತ್ರ ಕೆಲಸ. 2023ರ ಜುಲೈ 1ರಿಂದ ಈ ಮಿತಿ ಇದೆ. ಕೋರ್ಸಿನ ರಜೆಯಲ್ಲಿ ಮಿತಿ ಇಲ್ಲ. ಕೇಳೋಕೆ ಸುಲಭ. ಆದರೆ ಆ ಹದಿನಾಲ್ಕು ದಿನ ಯಾವಾಗ ಶುರು? ಯಾವ ಸೋಮವಾರದಿಂದ ಬೇಕಾದರೂ! ಅಂದರೆ ಪ್ರತಿ ಸೋಮವಾರವೂ ಹೊಸದೊಂದು ಹದಿನಾಲ್ಕು ದಿನದ ಲೆಕ್ಕ ಶುರುವಾಗುತ್ತದೆ. ಪ್ರತಿ ವಾರವನ್ನೂ ಹಿಂದಿನ ವಾರದ ಜೊತೆ ಒಮ್ಮೆ, ಮುಂದಿನ ವಾರದ ಜೊತೆ ಒಮ್ಮೆ ಕೂಡಿಸಬೇಕು.

ನಾನು ಎಡವುತ್ತಿದ್ದದ್ದು ಇಲ್ಲೇ. ಒಂದು ಕೆಫೆಯಲ್ಲಿ ಪಾತ್ರೆ ತೊಳೆಯುವ ಕೆಲಸ ಸಿಕ್ಕಿತ್ತು. (ಕಾಫಿ ಸೀಮೆಯ ಹುಡುಗ ಅಂತ ಎಷ್ಟು ಹೇಳಿಕೊಂಡರೂ ಮೂರು ತಿಂಗಳು ಕಾಫಿ ಮಿಷನ್ ಹತ್ತಿರಕ್ಕೂ ಬಿಡಲಿಲ್ಲ.) ಮೊದಲ ವಾರ 18 ಗಂಟೆ, ಎರಡನೇ ವಾರ 30. ಒಟ್ಟು 48, ಸರಿಹೋಯಿತು. ಮೂರನೇ ವಾರದ ರೋಸ್ಟರ್‌ನಲ್ಲಿ 24 ಗಂಟೆ ಹಾಕಿದ್ದರು. ಹೊಸ ಜೋಡಿ ವಾರ ಶುರುವಾಯಿತಲ್ಲ ಅಂತ ಖುಷಿಯಿಂದ ಒಪ್ಪಿಕೊಂಡೆ.

ನನ್ನನ್ನು ಉಳಿಸಿದ್ದು ಅಪ್ಪನ ಅಭ್ಯಾಸ. ಅಪ್ಪ ಆಲ್ದೂರು ಕಡೆಯ ಒಂದು ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರಾಗಿದ್ದವರು. ದಿನಾ ಸಂಜೆ ಚೆಕ್‌ರೋಲ್, ಅಂದರೆ ಆಳುಗಳ ಹಾಜರಿ ಪುಸ್ತಕ, ತುಂಬಿಸದೆ ಊಟಕ್ಕೆ ಕೂರುತ್ತಿರಲಿಲ್ಲ. ಹೊರಡುವಾಗ ಒಂದು ಕೆಂಪು ರಟ್ಟಿನ ಪುಸ್ತಕ ಕೊಟ್ಟು, "ಎಷ್ಟು ಗಂಟೆ ಮಾಡ್ದೆ ಅಂತ ನೀನೇ ಬರ್ಕೋ ಮಗ. ಅವರ ಪುಸ್ತಕ ಅವರಿಗೆ" ಅಂದಿದ್ದರು. ಬುಧವಾರ ರಾತ್ರಿ ಅದರಲ್ಲಿ ಕೂಡಿಸುವಾಗ ಕಣ್ಣಿಗೆ ಬಿತ್ತು: 30ಕ್ಕೆ 24 ಸೇರಿದರೆ 54. ಆರು ಗಂಟೆ ಜಾಸ್ತಿ. ಮಾರನೇ ದಿನ ಮ್ಯಾನೇಜರ್ ಹತ್ತಿರ ಹೋಗಿ ಭಾನುವಾರದ ಆರು ಗಂಟೆಯ ಶಿಫ್ಟ್ ಬಿಡಿಸಿಕೊಂಡೆ. ಆಕೆ ಮುಖ ಸಿಂಡರಿಸಿದಳು, ಆದರೆ ಬಿಟ್ಟಳು. ಷರತ್ತು ಮುರಿದರೆ ವೀಸಾ ರದ್ದಾಗಬಹುದು. ನೆನಪಿಡಿ, ಎರಡು ಕಡೆ ಕೆಲಸ ಮಾಡಿದರೆ ಎರಡೂ ಸೇರಿಯೇ 48.

ನಗದು ಕೊಟ್ಟರೆ ಗಂಟೆ ಲೆಕ್ಕಕ್ಕೆ ಬರುವುದಿಲ್ಲ ಅಂತ ಹೇಳುವವರು ಸಿಗುತ್ತಾರೆ. ಶುದ್ಧ ಸುಳ್ಳು. ಹೇಗೆ ಕೊಟ್ಟರೂ ಗಂಟೆ ಗಂಟೆಯೇ. ನನ್ನ ರೂಮ್‌ಮೇಟ್ ಹೀಗೆ ಒಬ್ಬರ ಹತ್ತಿರ ಗಂಟೆಗೆ 15 ಡಾಲರ್‌ಗೆ ಒಪ್ಪಿಕೊಂಡ. ಆಗ, ಅಂದರೆ 2024ರ ಜುಲೈ ನಂತರ, ದೇಶದ ಕನಿಷ್ಠ ಕೂಲಿಯೇ 24.10 ಡಾಲರ್. ಕಾಯಂ ಅಲ್ಲದ ಕ್ಯಾಶುಯಲ್ ಕೆಲಸವಾದರೆ ಅದರ ಮೇಲೆ ಇನ್ನೂ ಶೇ 25. ಕೊನೆಗೆ ಎರಡು ವಾರದ ಬಟವಾಡೆಯನ್ನೇ ಮಾಲೀಕ ಕೊಡಲಿಲ್ಲ. ಕೇಳಿದ್ದಕ್ಕೆ "ನಿನ್ನ ವೀಸಾ ಹೋಗುತ್ತೆ ನೋಡು" ಅಂತ ಹೆದರಿಸಿದ. ಪೇ ಸ್ಲಿಪ್ ಇಲ್ಲ, ಬರೆದಿಟ್ಟುಕೊಂಡದ್ದೂ ಇಲ್ಲ. ಪಾಪ, ಹುಡುಗ ಸುಮ್ನೆ ಕೆಲಸ ಬಿಟ್ಟ. ವೀಸಾ ಹೆಸರು ಹೇಳಿ ಹಾಗೆ ಒತ್ತಡ ಹಾಕುವುದು 2024ರ ಜುಲೈ 1ರಿಂದ ಅಪರಾಧ ಅಂತ ನಮಗೆ ಗೊತ್ತಾಗಿದ್ದು ಆಮೇಲೆ. ಕೂಲಿ, ಕೆಲಸದ ದೂರು ನೋಡುವ ಅಲ್ಲಿನ ಸರ್ಕಾರಿ ಕಚೇರಿ ಫೇರ್ ವರ್ಕ್ ಆಂಬುಡ್ಸ್‌ಮನ್‌ಗೆ ವಿದ್ಯಾರ್ಥಿಗಳೂ ದೂರು ಕೊಡಬಹುದು.

ಇನ್ನೊಂದು, ಸೂಪರ್. ಅಲ್ಲಿನ ಪಿಎಫ್ ಅಂದುಕೊಳ್ಳಿ. ಮಾಲೀಕ ಸಂಬಳದ ಮೇಲೆ ಕಟ್ಟುತ್ತಾನೆ. ದೇಶ ಬಿಟ್ಟು, ವೀಸಾ ಮುಗಿದ ಮೇಲೆ ಅದನ್ನು ವಾಪಸ್ ಕೇಳಬಹುದು. ನಾನು ಇಲ್ಲೇ ಮನೆಯಲ್ಲಿ ಕೂತು ಅರ್ಜಿ ಹಾಕಿದೆ. ಶೇ 35 ತೆರಿಗೆ ಹಿಡಿದುಕೊಂಡು ಉಳಿದದ್ದು ಕೊಟ್ಟರು. ಹೊಟ್ಟೆ ಉರಿಯಿತು, ಆದರೂ ಬಿಡುವ ದುಡ್ಡೇನಲ್ಲ.

ಹುಡುಗಿಯ ಅಪ್ಪನಿಗೆ ಇದ್ದ ಲೆಕ್ಕವೇ ಬೇರೆ. ಮಗಳು ದುಡಿದು ಫೀಸು ಕಟ್ಟಿಕೊಳ್ಳುತ್ತಾಳೆ ಅಂತ. ಅದಾಗದ ಮಾತು ಅಂತ ನೇರವಾಗೇ ಹೇಳಿದೆ. ನನ್ನ ದುಡಿಮೆ ಬಾಡಿಗೆ, ದಿನಸಿ, ಟ್ರಾಮಿಗೆ ಸರಿಯಾಗುತ್ತಿತ್ತು, ಅಷ್ಟೇ. ವೀಸಾಗೆ ಹಣ ತೋರಿಸುವಾಗಲೂ ಮುಂದೆ ಅಲ್ಲಿ ದುಡಿಯುತ್ತೇನೆ ಅನ್ನುವುದು ನಡೆಯುವುದಿಲ್ಲ. ಖರ್ಚಿಗೆ ಅಂತಲೇ ವರ್ಷಕ್ಕೆ 29,710 ಡಾಲರ್ ತೋರಿಸಬೇಕು ಅಂತ 2024ರ ಮೇನಲ್ಲಿ ಮಾಡಿದರು. ಫೀಸು, ಪ್ರಯಾಣದ ಖರ್ಚು ಬೇರೆ.

ಅವಳು ತರಗತಿ ಶುರುವಾಗುವ ಎರಡು ವಾರ ಮೊದಲೇ ಹೋಗುತ್ತಾಳಂತೆ, ಅಷ್ಟರಲ್ಲಿ ಒಂದಿಷ್ಟು ದುಡಿದುಕೊಳ್ಳೋಣ ಅಂತ. ಕೋರ್ಸ್ ಶುರುವಾಗುವವರೆಗೆ ಒಂದು ಗಂಟೆಯೂ ಕೆಲಸ ಮಾಡುವ ಹಾಗಿಲ್ಲ ಅಂದೆ. ಆ ಎರಡು ವಾರದಲ್ಲಿ ಬ್ಯಾಂಕ್ ಖಾತೆ ತೆರೆ, ತೆರಿಗೆಗೆ ಬೇಕಾದ ಟಿಎಫ್‌ಎನ್ ನಂಬರಿಗೆ ಅರ್ಜಿ ಹಾಕು, ಅದು ಪುಕ್ಕಟೆ, ದುಡ್ಡು ಕೇಳುವವರಿಗೆ ಕೊಡಬೇಡ ಅಂದೆ. ಮೊಬೈಲ್‌ನಲ್ಲಿ ಬರೆದುಕೊಳ್ಳಲು ಹೊರಟಳು. ಒಳಗಿನಿಂದ ಅಪ್ಪ ಇನ್ನೊಂದು ಕೆಂಪು ರಟ್ಟಿನ ಪುಸ್ತಕ ತಂದು ಅವಳ ಮುಂದಿಟ್ಟರು.